ಪೆಂಬೆಯ ಕೈದಾರಿ

ಉತ್ತರ ಗ್ರೀಸಿನ ಒಂದು ಬಂದರು ನಗರ. ಅದರ ನೆತ್ತಿಯ ಮೇಲೆ, ಹಳೆಯ ಕೋಟೆಗೋಡೆಗೆ ಬೆನ್ನು ಕೊಟ್ಟು ಕುಳಿತ ಪುರಾತನ ಕೇರಿ. ಈ ಕೇರಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಇಕ್ಕಟ್ಟಾದ ಓಣಿಯೊಂದಿದೆ. ಓಣಿಯ ತುದಿಗೆ ನಗರಸಭೆಯವರು ಯಾವುದೋ ಸೇನಾಪತಿಯ ಹೆಸರಿನ ನೀಲಿ ಫಲಕ ಹೊಡೆದಿದ್ದಾರೆ. ಆ ಹೆಸರು ಹೇಳಿ ದಾರಿ ಕೇಳಿದರೆ ಅಲ್ಲಿಯವರು ನಿಮ್ಮ ಮುಖವನ್ನೇ ನೋಡುತ್ತಾರೆ. ‘ಪೆಂಬೆಯ ಕೈದಾರಿ ಎಲ್ಲಿ?’ ಎಂದು ಕೇಳಿದರೆ ಮಾತ್ರ ಕೈಹಿಡಿದು ಕರೆತಂದಂತೆ ತಂದು ಬಿಡುತ್ತಾರೆ. ಮೇಲ್ತುದಿಯಲ್ಲಿ ಒಂದು ಒಂಟಿ ಕೋಣೆಯ ಮನೆ, ಕೆಳತುದಿಯಲ್ಲಿ ಕಲ್ಲಿನ ಚಿಲುಮೆ, ನಡುವೆ ಉದ್ದಕ್ಕೂ ಒಂದಕ್ಕೊಂದು ಅಂಟಿದ ಮನೆಗಳ ಗೋಡೆ. ಗೋಡೆ ಬೆಳ್ಳಗಿದೆ. ಆದರೆ ಸೊಂಟದ ಎತ್ತರದಲ್ಲಿ ಅಂಗೈಯಗಲದ ಒಂದು ಪಟ್ಟಿಗೆ ಮಾತ್ರ ಸುಣ್ಣವಿಲ್ಲ. ಅದು ಕಂದುಬಣ್ಣಕ್ಕೆ ತಿರುಗಿ, ಸವೆದು, ಒಳಸರಿದು, ನಡುವೆ ಒಂದೆಡೆ ಕಡಿದದ್ದು ಬಿಟ್ಟರೆ, ಮನೆಯಿಂದ ಚಿಲುಮೆಯವರೆಗೆ ಹರಿದುಹೋಗಿದೆ. ನೋಡಲು ಬಂದವರು ಹೆಸರು ಕೇಳಿ ಗೋಡೆಯ ಮೇಲೆ ಎಲ್ಲೋ ಹಸ್ತದ ಅಚ್ಚು ಇರಬೇಕೆಂದು ಹುಡುಕುತ್ತಾರೆ. ಸಿಗದೆ, ಓಣಿಯಲ್ಲಿ ಮಲಗಿದ ಬೆಕ್ಕಿನ ಫೋಟೊ ತೆಗೆದುಕೊಂಡು ಇಳಿದುಹೋಗುತ್ತಾರೆ.

ಆ ಒಂಟಿ ಕೋಣೆಯ ಮನೆ ಈಗ ಬಾಡಿಗೆಗೆ ಸಿಗುತ್ತದೆ, ಹಾಸಿಗೆ, ಕುರ್ಚಿ, ಪಾತ್ರೆ ಪಗಡೆ ಸಮೇತ. ಅಲ್ಲಿ ಉಳಿದು ಹೋದವರು ಮೊಬೈಲಿನಲ್ಲಿ ಬರೆಯುವ ಅಭಿಪ್ರಾಯಗಳನ್ನು ಓದಿದರೆ ನಗು ಬರುತ್ತದೆ. ಮಂಚ ಕಿಟಕಿಗೆ ಬೆನ್ನು ಹಾಕಿದೆಯಂತೆ. ಬಾಗಿಲ ಪಕ್ಕದ ಕುರ್ಚಿ ಬಂದವರ ಮೊಣಕಾಲಿಗೆಲ್ಲ ಬಡಿಯುತ್ತದಂತೆ. ಯಾವುದನ್ನೂ ಸರಿಸಕೂಡದೆಂದು ಬಾಡಿಗೆಗೆ ಕೊಡುವ ಮುದುಕಿ ಜೀವ ತಿನ್ನುತ್ತಾಳಂತೆ. ನಾನು ಬಾಗಲಕೋಟೆ ಕಡೆಯವನು, ಹಳೆಯ ಕಟ್ಟಡಗಳ ಸುಣ್ಣಗಾರೆ ಕೆಲಸದವನು. ಆ ನಗರದ ಪಾಳುಬಿದ್ದ ಹಳೆಯ ಸಾರ್ವಜನಿಕ ಸ್ನಾನಗೃಹವೊಂದರ ಗಾರೆ ಸರಿಪಡಿಸಲು ಕರೆ ಬಂದು, ಐದು ತಿಂಗಳಿಗೆಂದು ಆ ಕೋಣೆ ಹಿಡಿದೆ. ಹೋದ ದಿನವೇ ಮೊಣಕಾಲಿಗೆ ಪೆಟ್ಟು ತಿಂದು ಕುರ್ಚಿಯನ್ನು ಮೂಲೆಗೆ ತಳ್ಳಿದೆ. ಕೋಣೆಯನ್ನು ಕೊಟ್ಟ ಫೋತಿನಿಯಮ್ಮನಿಗೆ ಎಂಬತ್ತರ ಮೇಲೆ ವಯಸ್ಸು. ಆಕೆ ಒಳಗೆ ಬಂದವರೇ ಕುರ್ಚಿಯನ್ನು ಎಳೆದು ಮೊದಲಿನ ಜಾಗಕ್ಕೆ ತಂದಿಟ್ಟರು. ನೆಲದ ಕಲ್ಲಿನಲ್ಲಿ ಅದರ ನಾಲ್ಕು ಕಾಲಿಗೆ ನಾಲ್ಕು ಗುಳಿಗಳಿದ್ದವು. ಆಕೆಯ ಗ್ರೀಕು, ನನ್ನ ಹರಕು ಇಂಗ್ಲಿಷು, ನಡುವೆ ಆಕೆಯ ಸೊಸೆಯ ಅನುವಾದ. ಆದರೂ ಆ ಮಾತೆಲ್ಲ ನನ್ನ ಕಿವಿಗೆ ನಮ್ಮೂರ ಮಾತಾಗಿಯೇ ಬಿತ್ತು, ಹಾಗೆಯೇ ಬರೆಯುತ್ತೇನೆ. ಮಾಲಕಿಯ ಅಪ್ಪಣೆಯಿಲ್ಲದೆ ಸರಿಸಿದ್ದು ತಪ್ಪಾಯಿತು ಎಂದೆ. "ನಾ ಮಾಲಕಿ ಅಲ್ಲೋ ಮೇಸ್ತ್ರಿ," ಎಂದರು ಫೋತಿನಿಯಮ್ಮ, "ನಾನೂ ಬಾಡಿಗಿಯಾಕಿನ. ಮಾಲಕಿ ಇನ್ನೂ ಬಂದಿಲ್ಲ."

ಹಿಂದೆ ಒಮ್ಮೆ, ನೂರು ವರ್ಷಕ್ಕೂ ಮೊದಲು, ಆ ಕೇರಿಯಲ್ಲಿ ಹೆಚ್ಚಾಗಿ ತುರ್ಕಿ ಮಾತಿನ ಮುಸಲ್ಮಾನರಿದ್ದರು. ಅವರಲ್ಲಿ ಪೆಂಬೆ ಎಂಬ ವಿಧವೆ ಆ ಒಂಟಿ ಕೋಣೆಯಲ್ಲಿ ಒಬ್ಬಳೇ ಇದ್ದಳು. ಎಳೆತನದಲ್ಲಿ ಸಿಡುಬು ಎದ್ದು ಅವಳ ಎರಡೂ ಕಣ್ಣು ಹೋಗಿದ್ದವು. ಆದರೆ ಅವಳನ್ನು ಕುರುಡಿ ಎಂದು ಕರೆಯಲು ಊರವರಿಗೆ ನೆನಪೇ ಆಗುತ್ತಿರಲಿಲ್ಲ ಎನ್ನುತ್ತಾರೆ. ಮಂಚದಿಂದ ಐದು ಹೆಜ್ಜೆ ಇಟ್ಟರೆ ಕೈಗೆ ಕುರ್ಚಿಯ ಬೆನ್ನು ಸಿಗಬೇಕು, ಕುರ್ಚಿ ಸಿಕ್ಕರೆ ಬಲಕ್ಕೆ ಬಾಗಿಲು, ಬಾಗಿಲ ಪಕ್ಕದ ಗೂಡಿನಲ್ಲಿ ತಾಮ್ರದ ತಂಬಿಗೆ. ತಂಬಿಗೆ ಹಿಡಿದು ಹೊರಬಿದ್ದು, ಎಡಗೈಯನ್ನು ಗೋಡೆಗೆ ಹಚ್ಚಿದರೆ ಮುಂದೆ ಚಿಲುಮೆಯವರೆಗೆ ಗೋಡೆಯೇ ಅವಳನ್ನು ಕರೆದೊಯ್ಯುತ್ತಿತ್ತು. ನಲವತ್ತು ವರ್ಷ ಹೀಗೆ ದಿನಕ್ಕೆ ನಾಲ್ಕು ಸಲ ಓಡಾಡಿದ ಕೈಯಿಂದ ಮೆದು ಗಾರೆ ಸವೆದು ಕಾಲುವೆಯಂತಾಗಿತ್ತು. ಯಾವ ಮನೆಯ ಮುಂದಿದ್ದೇನೆ, ಇನ್ನೆಷ್ಟು ದೂರವಿದೆ, ಎಲ್ಲವೂ ಅವಳ ಅಂಗೈಗೆ ಗೊತ್ತಿತ್ತು. ಆ ಪಟ್ಟಿಯನ್ನು ಅಳೆದು ನೋಡಿದ್ದೇನೆ. ಅದರ ಎತ್ತರ ಹೇಳುವಂತೆ ಅವಳು ಬಹಳ ಕುಳ್ಳಗಿದ್ದಳು.

ಆಗ ಸಮುದ್ರದ ಆಚೆ ತುರ್ಕಿಯಲ್ಲಿ ನಡೆದ ಯುದ್ಧದಲ್ಲಿ ಸೋತ ಕಡೆಯ ಕ್ರೈಸ್ತರು ಹಡಗು ಹಡಗಾಗಿ ಬಂದು ಇಳಿದರು. ಅವರಲ್ಲಿ ಮಕ್ರೀನಾ ಎಂಬವಳೂ ಒಬ್ಬಳು. ಗಂಡನನ್ನು ಕಳೆದುಕೊಂಡವಳು, ಎರಡು ವರ್ಷದ ಮಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದವಳು. ಫೋತಿನಿಯಮ್ಮ ಈ ಮಕ್ರೀನಾಳ ಮೊಮ್ಮಗಳು. ಅಧಿಕಾರಿಗಳು ತಾಯಿ ಮಗಳನ್ನು ತಂದು ಪೆಂಬೆಯ ಕೋಣೆಯಲ್ಲಿ ಬಿಟ್ಟರು. ಮಕ್ರೀನಾ ಗ್ರೀಕರ ಪೈಕಿ ಎನಿಸಿಕೊಂಡವಳು, ಅವಳಿಗೆ ಗ್ರೀಕಿನ ಒಂದಕ್ಷರವೂ ಬಾರದು. ಅವಳ ಸೀಮೆಯ ಕ್ರೈಸ್ತರೆಲ್ಲ ಆಡುತ್ತಿದ್ದುದು ತುರ್ಕಿಯನ್ನೇ. ತನ್ನವರು ಎನಿಸಿಕೊಂಡ ಆ ನಗರದ ಗ್ರೀಕರಿಗೆ ತಿಳಿಯದ ಅವಳ ಮಾತು ತಿಳಿದದ್ದು ಆ ಮುಸಲ್ಮಾನ ಮುದುಕಿಗೆ. ಪೆಂಬೆ ಅವಳ ಮುಖ ಮುಟ್ಟಿ ನೋಡಿ, ಮಗುವಿನ ಪಾದ ಮುಟ್ಟಿ ನೋಡಿ, ಮಂಚವನ್ನು ಅವರಿಗೆ ಬಿಟ್ಟುಕೊಟ್ಟು ತಾನು ನೆಲಕ್ಕೆ ಹಾಸಿಕೊಂಡಳು. ಒಂದೇ ಒಂದು ಕೋರಿಕೆ ಇಟ್ಟಳು. "ಎಲ್ಲಾ ಬಳಸು ಮಗಳ. ತೊಗೊಂಡದ್ದು ತೊಗೊಂಡಲ್ಲೇ ಇಡು. ಇಲ್ಲಂದ್ರ ನಾ ನನ್ನ ಮನ್ಯಾಗ ಕಳದು ಹೋಗ್ತೀನಿ."

ಚಳಿಗಾಲ ಕಳೆದು ಈಸ್ಟರ್ ಹಬ್ಬ ಬಂತು. ಹಬ್ಬಕ್ಕೆ ಮೊದಲು ಮನೆಗೋಡೆಗೆ ಸುಣ್ಣ ಬಳಿಯುವುದು ಮಕ್ರೀನಾಳ ಕಡೆಯ ಪದ್ಧತಿ. ಆರು ತಿಂಗಳು ಅನ್ನ ಹಾಕಿದವಳಿಗೆ ಕೊಡಲು ಅವಳ ಬಳಿ ಏನಿತ್ತು? ಸುಣ್ಣ ಬೇಡಿ ತಂದಳು. ಪೆಂಬೆ ಚಿಲುಮೆಗೆ ಹೋಗಿ ಅಲ್ಲಿ ಹೆಂಗಸರ ಜೊತೆ ಮಾತಿಗೆ ಕೂತ ಹೊತ್ತು ನೋಡಿ, ಮನೆಯ ಕಡೆಯಿಂದ ಅರ್ಧ ಓಣಿಯವರೆಗೆ ಗೋಡೆಗೆ ಬಳಿದಳು. ಬಳಿಯುವ ಮೊದಲು, ಸೊಂಟದೆತ್ತರಕ್ಕೆ ಸವೆದುಹೋಗಿದ್ದ ಕಾಲುವೆಯನ್ನು ಗಟ್ಟಿ ಗಾರೆ ಕಲಸಿ ಒಪ್ಪವಾಗಿ ತುಂಬಿದಳು. ಅವಳ ಬುದ್ಧಿಯನ್ನು ನಾನು ಹಳಿಯಲಾರೆ. ಸವೆದ ಜಾಗವನ್ನು ಮೊದಲು ತುಂಬಬೇಕು, ಆಮೇಲೆ ಬಳಿಯಬೇಕು; ಮೂವತ್ತು ವರ್ಷ ನಾನು ಮಾಡಿಕೊಂಡು ಬಂದ ಕೆಲಸವೇ ಅದು. ಆ ಗೋಡೆಯನ್ನು ನನಗೆ ವಹಿಸಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ, ಮಾಡಿ ಮೀಸೆ ತಿರುವುತ್ತಿದ್ದೆ.

ಪೆಂಬೆ ತುಂಬಿದ ತಂಬಿಗೆ ಹಿಡಿದು ಹಿಂತಿರುಗಿದಳು. ಅರ್ಧ ಓಣಿಗೆ ಬಂದಾಗ ಬಲಗೈಯ ಕೆಳಗೆ ಕಾಲುವೆ ಇದ್ದಕ್ಕಿದ್ದಂತೆ ಮುಗಿದುಹೋಯಿತು. ಒದ್ದೆಯಾದ, ನುಣ್ಣಗಾದ, ಗುರುತಿಲ್ಲದ ಯಾವುದೋ ಗೋಡೆ ಬೆರಳಿಗೆ ಹತ್ತಿತು. ಅವಳು ಹಿಂದಕ್ಕೆ ಸರಿದಳು, ಮತ್ತೆ ಮುಂದಕ್ಕೆ ಬಂದಳು, ಎದುರು ಗೋಡೆಗೆ ಹೋಗಿ ತಡಕಿದಳು. ತನ್ನ ಬಾಗಿಲಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಹಾಡುಹಗಲು, ನಲವತ್ತು ವರ್ಷ ನಡೆದ ಓಣಿಯಲ್ಲಿ ನಿಂತು, "ಯಾರರ ಇದ್ದೀರೇನು? ನನ್ನ ಮನಿ ಎಲ್ಲೈತಿ?" ಎಂದು ಮೆಲ್ಲಗೆ ಕೇಳಿದಳಂತೆ. ಮೇಲ್ತುದಿಯಲ್ಲಿ ಸುಣ್ಣದ ಗಡಿಗೆ ಹಿಡಿದು, ಹೊಗಳಿಕೆಗೆ ಕಾದು ನಿಂತಿದ್ದ ಮಕ್ರೀನಾ ಗಡಿಗೆಯನ್ನು ಅಲ್ಲೇ ಕೆಳಗಿಟ್ಟಳು. ಓಡಿ ಬಂದು ಕೈಹಿಡಿದು ಒಳಗೆ ಕೂಡಿಸಿ, ಆ ಸಂಜೆಯೊಳಗೆ ಹಸಿ ಗಾರೆಯನ್ನೆಲ್ಲ ಉಗುರಿನಿಂದ ಕೆರೆದು ತೆಗೆದಳು. ಸುಣ್ಣ ತಿಂದ ಅವಳ ಬೆರಳುಗಳು ಹಬ್ಬ ಮುಗಿದರೂ ಮಾಯಲಿಲ್ಲ. ಪೆಂಬೆ ಬೈಯಲಿಲ್ಲ. ಬೈದಿದ್ದರೆ ತಮ್ಮಜ್ಜಿಗೆ ಸಮಾಧಾನವಾಗುತ್ತಿತ್ತು ಎನ್ನುತ್ತಾರೆ ಫೋತಿನಿಯಮ್ಮ.

ಇದನ್ನು ಕೇಳಿದಾಗ ನನಗೆ ನಮ್ಮವ್ವ ನೆನಪಾದಳು. ಹಿನ್ನೀರು ಬಂದು ನಾವು ಹಳೇ ಊರು ಬಿಟ್ಟು ಮೇಲಿನ ಹೊಸ ಮನೆಗೆ ಬಂದ ಮೇಲೆ, ಅವಳು ಬೆಂಕಿಪೊಟ್ಟಣಕ್ಕೆಂದು ಗೂಡಿಲ್ಲದ ಗೋಡೆಗೆ ಕೈ ಚಾಚುತ್ತಿದ್ದಳು, ಸಾಯುವವರೆಗೂ. ನಾವು ಮಕ್ಕಳು ನಗುತ್ತಿದ್ದೆವು. ಈಗ ಆ ನಗು ನೆನೆದರೆ ನಾಚಿಕೆಯಾಗುತ್ತದೆ.

ಮುಂದಿನ ಬೇಸಿಗೆಯೊಳಗೆ ಆಜ್ಞೆ ಬಂತು. ಎಲ್ಲೋ ದೂರದ ಊರಿನಲ್ಲಿ ಗ್ರೀಸು, ತುರ್ಕಿ ಎರಡೂ ಸರ್ಕಾರಗಳು ಮೇಜಿನ ಮುಂದೆ ಕೂತು, ಆ ಕಡೆಯ ಕ್ರೈಸ್ತರು ಈ ಕಡೆಗೆ, ಈ ಕಡೆಯ ಮುಸಲ್ಮಾನರು ಆ ಕಡೆಗೆ ಎಂದು ಸಹಿ ಹಾಕಿದ್ದವು. ಹೋಗುತ್ತೀರಾ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಮನೆ ಮನೆ ಪಟ್ಟಿ ಮಾಡಿಕೊಳ್ಳುತ್ತ ಬಂದ ಗುಮಾಸ್ತ ಪೆಂಬೆಯ ಬಾಗಿಲಲ್ಲಿ ನಿಂತು, ‘ಬಿಟ್ಟುಹೋದ ಮನೆ, ಒಂದು ಕೋಣೆ’ ಎಂದು ಗಟ್ಟಿಯಾಗಿ ಹೇಳಿಕೊಂಡು ಬರೆದ. ಪೆಂಬೆ ಕುರ್ಚಿಯಿಂದೆದ್ದಳು. "ಬಿಟ್ಟು ಹೋಗಾಕತ್ತಿಲ್ಲ. ಬಾಡಿಗಿಗೆ ಕೊಟ್ಟು ಹೊಂಟೀನಿ, ಸಾಮಾನು ಸಮೇತ. ಹಂಗ ಬರ್ಕೋ." ಗುಮಾಸ್ತ ಒಳ್ಳೆಯವನೇ. ಅವನ ಪಟ್ಟಿಯಲ್ಲಿ ಹಾಗೆ ಬರೆಯಲು ಜಾಗವಿರಲಿಲ್ಲ. ತಲೆ ತಗ್ಗಿಸಿ ಮುಂದಿನ ಮನೆಗೆ ಹೋದ. ಪೆಂಬೆ ಮಕ್ರೀನಾಳ ಕಡೆಗೆ ತಿರುಗಿ ಬಾಡಿಗೆಯ ಷರತ್ತು ಹೇಳಿದಳು. ಹಣ ಬೇಡ. ಕುರ್ಚಿ ಕುರ್ಚಿಯ ಜಾಗದಲ್ಲಿ, ತಂಬಿಗೆ ಗೂಡಿನಲ್ಲಿ, ಗೋಡೆಯ ದಾರಿ ಗೋಡೆಯಲ್ಲಿ ಇರಬೇಕು. "ನಾ ಬಂದಾಗ ಯಾರನ್ನೂ ದಾರಿ ಕೇಳಬಾರ್ದು, ಅಷ್ಟ." ಮಕ್ರೀನಾ ಅವಳ ಕೈಯನ್ನು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡು ಮಾತು ಕೊಟ್ಟಳು.

ಹೊರಡುವ ದಿನ ಪೆಂಬೆ ಗಂಟನ್ನು ಮಕ್ರೀನಾಳ ಕೈಗೆ ಕೊಟ್ಟು, ತಾನು ಎಂದಿನಂತೆ ಗೋಡೆ ಹಿಡಿದು ನಡೆದಳು. ಚಿಲುಮೆಯವರೆಗೆ ಯಾರ ಸಹಾಯವೂ ಬೇಕಾಗಲಿಲ್ಲ. ಅಲ್ಲಿ ಗೋಡೆ ಮುಗಿಯುತ್ತದೆ. ಅದರಾಚೆಗೆ ಅವಳು ಒಬ್ಬಳೇ ಹೋದವಳಲ್ಲ. ಗೋಡೆ ಬಿಟ್ಟ ಕೈ ಗಾಳಿಯಲ್ಲಿ ಹಾಗೇ ಚಾಚಿಕೊಂಡು ನಿಂತಿತು. ಮಕ್ರೀನಾ ಹಿಡಿದುಕೊಂಡಳು. ಹತ್ತು ಮಾರು ಹೋಗುವಷ್ಟರಲ್ಲಿ ಕಾವಲಿನವರು ತಡೆದರು, ಹೋಗುವವರಷ್ಟೇ ಮುಂದೆ ಎಂದರು. ಪೆಂಬೆಯ ಕೈಯನ್ನು ಗುರುತಿಲ್ಲದ ಯಾರೋ ಹೆಂಗಸಿನ ಕೈಗೆ ಕೊಟ್ಟು ಮಕ್ರೀನಾ ನಿಂತಲ್ಲೇ ನಿಂತಳು. ಅವಳಿಂದ ಮತ್ತೇನೂ ಆಗುವಂತಿರಲಿಲ್ಲ.

ಮನೆ ಕಾಗದದ ಪ್ರಕಾರ ಮಕ್ರೀನಾಳದಾಯಿತು. ಅವಳು ಮಾತ್ರ ಕೊನೆಯವರೆಗೂ ಬಾಡಿಗೆಯವಳೆಂದೇ ಹೇಳಿಕೊಂಡಳು. ಪ್ರತಿ ಈಸ್ಟರಿಗೂ ಗೋಡೆಗೆ ಸುಣ್ಣ ಬಳಿಯುವಾಗ ಆ ಪಟ್ಟಿಯನ್ನು ಬಿಟ್ಟು ಬಳಿದಳು. ಓಣಿಯ ಉಳಿದ ಮನೆಗಳ ಮುಂದೆಯೂ ಹೋಗಿ, ಕಲಿತ ನಾಲ್ಕು ಗ್ರೀಕು ಮಾತಿನಲ್ಲಿ ಬೇಡಿಕೊಂಡು ಬಿಡಿಸಿದಳು. ಇದೇನು, ಗೋಡೆಗೆ ಸೊಂಟಪಟ್ಟಿ ಕಟ್ಟಿದ್ದೀಯಾ ಎಂದು ಹೊಸಬರು ಹಾಸ್ಯ ಮಾಡಿದರೆ, "ಪೆಂಬೆ ಬರೂ ದಾರಿ ಅದು, ಕೈದಾರಿ" ಎನ್ನುತ್ತಿದ್ದಳು. ಹಾಸ್ಯಕ್ಕೆ ಹುಟ್ಟಿದ ಹೆಸರು ಓಣಿಗೆ ಅಂಟಿತು. ಮೂರನೆಯ ವರ್ಷ ಯಾರೋ ಹಡಗಿನವನು ಬಾಗಿಲಲ್ಲಿ ಒಂದು ಪತ್ರ ಕೊಟ್ಟು ಹೋದ. ಪೆಂಬೆ ಬರೆಸಿದ್ದೆಂದು ಮಾತ್ರ ಹೇಳಿದ. ಅದು ಹಳೆಯ ತುರ್ಕಿ ಲಿಪಿಯಲ್ಲಿತ್ತು. ಆ ಲಿಪಿ ಓದಬಲ್ಲವರನ್ನೆಲ್ಲ ಆ ಕೇರಿಯಿಂದ ಹಡಗು ಹತ್ತಿಸಿ ಆಗಿತ್ತು. ಕಚೇರಿಗೆ ಒಯ್ಯೋಣವೆಂದರೆ, ಆಚೆ ದಡದವರ ಪತ್ರ ಬರುತ್ತದೆಂದು ತಿಳಿದರೆ ಮನೆಯನ್ನೇ ಕಿತ್ತುಕೊಂಡಾರು ಎಂಬ ಭಯ. ಮನೆ ಹೋದರೆ ಕೊಟ್ಟ ಮಾತೂ ಹೋಗುತ್ತದೆ. ಹೀಗೆ ಆ ಪತ್ರ ಹನ್ನೊಂದು ವರ್ಷ ತಂಬಿಗೆಯ ಕೆಳಗೆ ಗೂಡಿನಲ್ಲೇ ಇತ್ತು. ಮಕ್ರೀನಾ ಆಗಾಗ ಅದನ್ನು ತೆಗೆದು, ಬರಹದ ಮೇಲೆ ಬೆರಳಾಡಿಸಿ, ಮತ್ತೆ ಇಡುತ್ತಿದ್ದಳಂತೆ.

ಕೊನೆಗೆ ತಂಬಾಕು ಕೊಳ್ಳಲು ಆಚೆ ದಡದಿಂದ ಬಂದ ಒಬ್ಬ ಮುದಿ ವ್ಯಾಪಾರಿ ಚಿಲುಮೆಯ ಕಟ್ಟೆಯ ಮೇಲೆ ಕೂತು ಅದನ್ನು ಓದಿ ಹೇಳಿದ. ನಾಲ್ಕೇ ಸಾಲು. ‘ಮಗಳೆ, ಇಲ್ಲಿ ನನಗೆ ದೊಡ್ಡ ಮನೆ ಕೊಟ್ಟಿದ್ದಾರೆ. ಗೋಡೆ ಎಲ್ಲಿದೆಯೆಂದು ತಿಳಿಯುವುದಿಲ್ಲ, ಕೂತಲ್ಲೇ ಕೂತಿರುತ್ತೇನೆ. ಕುರ್ಚಿ ಅಲ್ಲೇ ಇದೆಯಾ? ಇದೆ ಅಂತ ಒಂದು ಮಾತು ಬರೆಸಿ ಕಳಿಸು, ಅಷ್ಟು ಸಾಕು.’ ಒಂದು ಮಾತು. ಹನ್ನೊಂದು ವರ್ಷ ಪ್ರತಿದಿನ ಮಕ್ರೀನಾ ಕುರ್ಚಿಯನ್ನು ಅದರ ಜಾಗದಲ್ಲೇ ಕಾದಿಟ್ಟಿದ್ದಳು, ಆ ಒಂದು ಮಾತನ್ನು ಮಾತ್ರ ಕಳಿಸಿರಲಿಲ್ಲ. ಅದೇ ವ್ಯಾಪಾರಿಯ ಕೈಯಲ್ಲಿ ‘ಅಲ್ಲೇ ಇದೆ’ ಎಂದು ಬರೆಸಿ ಕಳಿಸಿದಳು. ಅದು ಮುಟ್ಟಿತು ಎನ್ನುವವರಿದ್ದಾರೆ, ಪೆಂಬೆ ಅಷ್ಟರಲ್ಲಿ ಮಣ್ಣಾಗಿದ್ದಳು ಎನ್ನುವವರೂ ಇದ್ದಾರೆ. ಮರುಪತ್ರ ಬರಲಿಲ್ಲ.

ಈಗ ಓಣಿಯ ನಡುವೆ ಒಂದು ಕಡೆ ಹಳೆಯ ಗೋಡೆ ಕೆಡವಿ, ಪ್ರವಾಸಿಗರಿಗಾಗಿ ಗಾಜಿನ ಬಾಗಿಲಿನ ವಸತಿಗೃಹ ಕಟ್ಟಿದ್ದಾರೆ. ಅಲ್ಲಿ ಆರು ಹೆಜ್ಜೆಯಷ್ಟು ಕೈದಾರಿ ಕಡಿದುಹೋಗಿದೆ. ಕೆಡವುವ ದಿನ ಫೋತಿನಿಯಮ್ಮ ಎದುರಿಗೆ ಹೋಗಿ ನಿಂತಿದ್ದರಂತೆ; ತಮ್ಮ ಗೋಡೆಯೆಂದು ಅದರ ಯಜಮಾನರು ಕೆಡವಿದರು. ಅದನ್ನು ಮತ್ತೆ ಮಾಡಿಕೊಡಲು ಆಗುತ್ತದೆಯೇ ಎಂದು ಆಕೆ ನನ್ನನ್ನು ಕೇಳಿದರು. ಗಾಜಿನ ಮೇಲೆ ನಾನೇನು ಮಾಡಲಿ? ಆಗುವುದಿಲ್ಲ ಎಂದೆ. ಕಡಿದ ಜಾಗ ದಾಟಿದ ಮೇಲೆ ಪಟ್ಟಿ ಮತ್ತೆ ಶುರುವಾಗಿ ಚಿಲುಮೆಯ ಬಳಿ ಮುಗಿಯುತ್ತದೆ. ಹೋದವರು ಇಂದಿಗೂ ನೋಡಬಹುದು. ಕೋಣೆಯಲ್ಲಿ ಉಳಿದವರಿಗೆ ಇನ್ನೂ ಒಂದು ಷರತ್ತಿದೆ: ಬಿಟ್ಟು ಹೊರಡುವ ದಿನ ಬೀಗದ ಕೈ ಕೊಡುವಾಗ, ಬಾಗಿಲಲ್ಲಿ ನಿಂತು, ಕುರ್ಚಿ ಅಲ್ಲೇ ಇದೆ ಎಂದು ಗಟ್ಟಿಯಾಗಿ ಹೇಳಬೇಕು. ಯಾವ ಭಾಷೆಯಾದರೂ ಸರಿ. ಹೆಚ್ಚಿನವರು ಇದೊಂದು ತಮಾಷೆ ಎಂದುಕೊಂಡು ನಗುತ್ತ ಹೇಳಿ ಹೋಗುತ್ತಾರೆ. ನನ್ನ ಸರದಿ ಬಂದಾಗ ನಾನೂ ಬಾಗಿಲಲ್ಲಿ ನಿಂತು, "ಕುರ್ಚಿ ಅಲ್ಲೇ ಐತಿ" ಎಂದೆ. ಫೋತಿನಿಯಮ್ಮ ಬೀಗದ ಕೈ ಇಸಿದುಕೊಂಡು, ಒಳಗೆ ಹೋಗಿ, ಕಣ್ಣು ಮುಚ್ಚಿ ಮಂಚದಿಂದ ಐದು ಹೆಜ್ಜೆ ಇಟ್ಟು ಕೈ ಚಾಚಿದರು.