ಮಾಸ್ತಮ್ಮ ಹೊಳೆಗೆ ಬಿಟ್ಟ ಬುಟ್ಟಿ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟದ ಕಾಲದಲ್ಲಿ, ಹೊಳೆ ಕಡಲು ಸೇರುವಲ್ಲಿ ಒಂದು ಕೇರಿಯಿತ್ತಂತೆ. ಅಲ್ಲಿ ಮಾಸ್ತಮ್ಮ ಎಂಬ ಹೆಂಗಸಿದ್ದಳಂತೆ. ಇಳಿತದ ಹೊತ್ತಿಗೆ ನೀರಿಗಿಳಿದು, ಕಾಲಬೆರಳಲ್ಲೇ ತಳದ ಮರಳು, ಅಂದರೆ ಹೊಯಿಗೆ, ತಡವಿ, ಬೆಳಚು ಎಂಬ ಚಿಪ್ಪುಮೀನು ಹೆಕ್ಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳ ಹೆಜ್ಜೆ ಕೇಳಿದರೆ ಬೆಳಚು ತಾವಾಗಿ ಮೇಲೆ ಬರುತ್ತಿದ್ದವು ಅಂತಲೂ ಹೇಳುತ್ತಾರೆ. ಹೇಳುವವರ ಬಾಯಿಗೆ ಬೀಗ ಹಾಕುವವರು ಯಾರು?

ಆಗ ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡಿನವರು ಬಂದರು. ಚಿಪ್ಪು ಇದ್ದಷ್ಟೂ ಬೇಕು ಅಂದರು. ಕೇರಿಗೆ ಕೇರಿಯೇ ಹೊಳೆಗಿಳಿದು, ಮರಿಯನ್ನೂ ಬಿಡದೆ ಬಾಚಿತು. ಮಾಸ್ತಮ್ಮನೂ ಬಾಚಿದಳು. ಆಮೇಲೆ ಕದಡಿದ ಹೊಳೆ ಮಳೆಗಾಲ ಮುಗಿದರೂ ತಿಳಿಯಾಗಲಿಲ್ಲ. ನೀರಡಿಯ ಹುಲ್ಲು ಬಿಸಿಲು ಕಾಣದೆ ಕೊಳೆಯಿತು, ಹುಲ್ಲು ನಂಬಿದ್ದ ಮೀನು ದೂರ ಹೋಯಿತು. ಶಾಪ ತಟ್ಟಿದೆ ಅಂತ ಊರವರು ಹರಕೆ ಹೊತ್ತರಂತೆ.

ಅದೇ ಹೊತ್ತಿಗೆ ಮಾಸ್ತಮ್ಮನ ಮಗಳು ನಾಗು ಹೆತ್ತು ಮಲಗಿದ್ದಳು. ಎದೆಹಾಲು ಸಾಲದು. ಬೆಳಚಿನ ಸಾರು ಉಂಡರೆ ಹಾಲು ಇಳಿಯುತ್ತದೆ ಅಂತ ಕೇರಿಯ ನಂಬಿಕೆ. ಮಾಸ್ತಮ್ಮ ಅಲೆದಲೆದು ಒಂದು ಬುಟ್ಟಿ ಬೆಳಚು ತಂದಳು. ಹೊಟ್ಟೆಯ ಹೊಯಿಗೆ ಕಕ್ಕಲಿ ಅಂತ ಹೊಳೆನೀರು ತುಂಬಿದ ಮಡಕೆಗೆ ಹಾಕಿದಳು. ಸಂಜೆಗೆ ನೋಡಿದರೆ ಪಕ್ಕದಲ್ಲಿ ಬರೀ ಹೊಳೆನೀರು ತುಂಬಿಟ್ಟಿದ್ದ ಮಡಕೆಯ ನೀರು ಕದಡಿದ ಹಾಗೇ ಇತ್ತು, ಬೆಳಚಿನ ಮಡಕೆಯಲ್ಲಿ ತಳ ಕಾಣುತ್ತಿತ್ತು. ಅವು ಚಿಪ್ಪು ತೆರೆದು, ಒಂದು ಕೊಳವೆಯಲ್ಲಿ ನೀರೆಳೆದು, ಅದರೊಳಗಿನ ಸಣ್ಣ ಕಣ ಸೋಸಿ ತಿಂದು, ಇನ್ನೊಂದರಲ್ಲಿ ತಿಳಿನೀರು ಬಿಡುತ್ತಿದ್ದವು. ಹೊಳೆ ತೊಳೆಯುವವರನ್ನೇ ಸುಟ್ಟು ಸುಣ್ಣ ಮಾಡಿದೆವಲ್ಲ ಅಂತ ಅವಳು ತಲೆಮೇಲೆ ಕೈಹೊತ್ತು ಕೂತಳಂತೆ.

ಒಲೆ ಉರಿಯುತ್ತಿತ್ತು. ಕೂಸು ಅಳುತ್ತಿತ್ತು. ಬೇಯಿಸಲೂ ಕೈ ಬಾರದು, ಬಿಡಲೂ ಮನಸ್ಸು ಬಾರದು. ಕೊನೆಗೆ ನಾಗುವೇ ಅಂದಳಂತೆ, “ನೀ ಬಿಟ್ಟು ಬಾ ಅವ್ವಿ. ನಾ ಗಂಜಿ ಕುಡ್ಕಂಡಿರ್ತೆ.”

ಬುಟ್ಟಿ ಹೊಳೆಗೆ ಹೋಯಿತು. ಕೇರಿಯವರು ಬಂದು ಎರಡೂ ಮಡಕೆಯ ನೀರು ನೋಡಿ ಹೋದರು. ಮರುದಿನದಿಂದ ಒಬ್ಬೊಬ್ಬರೇ ಅಕ್ಕಿ, ಬೆಲ್ಲ, ಎಮ್ಮೆಹಾಲು ತಂದಿಟ್ಟರು. ಕೂಸು ಬದುಕಿತು. ಯಾರೂ ಚಿಪ್ಪು ಬಾಚಿ ಕೊಡದೆ ಗೂಡಿನವರು ಬರಿಗೈಯಲ್ಲಿ ಹೋದರು. ಕೆಲವು ಮಳೆಗಾಲ ಕಳೆದ ಮೇಲೆ ಬೆಳಚು ಹಬ್ಬಿತು, ಹುಲ್ಲು ಚಿಗುರಿತು, ಮೀನೂ ಬಂತು. ಮಾಸ್ತಮ್ಮ ಒಂದೇ ಗುಟುಕಿಗೆ ಹೊಳೆ ಕುಡಿದು ಸೋಸಿ ಬಿಟ್ಟಳು ಅನ್ನುವವರೂ ಈಗ ಇದ್ದಾರೆ. ಅನ್ನಲಿ ಬಿಡಿ, ಅವಳ ಋಣ ಅಷ್ಟು ದೊಡ್ಡದು.

ಇವತ್ತಿಗೂ ಆ ಕೇರಿಯಲ್ಲಿ ಕೂಸು ಹುಟ್ಟಿದರೆ ಅಜ್ಜಿಯಾದವಳು ಅದನ್ನು ಹೊಳೆಗೆ ಒಯ್ದು ಕಾಲು ಅದ್ದುತ್ತಾಳೆ. ನೀರಲ್ಲಿ ಪುಟ್ಟ ಬೆರಳು ಕಂಡರೆ ಮಾಸ್ತಮ್ಮನಿಗೆ ಕೈಮುಗಿದು, ಬಾಣಂತಿಗೆ ಬೆಳಚಿನ ಸಾರು ಮಾಡುತ್ತಾರೆ. ಕಾಣದಿದ್ದರೆ ಆ ವರ್ಷ ಯಾರೂ ಬೆಳಚು ಮುಟ್ಟುವುದಿಲ್ಲ. ಬಾಣಂತಿಯ ಗಂಜಿಗೆ ಮನೆಮನೆಯಿಂದ ಅಕ್ಕಿ ಬರುತ್ತದೆ.