ಬಿಗಿದು ಕಟ್ಟಿದ ಜೋಲಿ

"ಗುರುಗಳೇ, ನಮ್ಮವರನ್ನ ಎಷ್ಟು ಬಿಗಿಯಾಗಿ ಹಿಡ್ಕೋಬೇಕು?" ಎಂದು ಹಾಲಮ್ಮ ಕೇಳಿದಳು.

ಕೇಳುವಾಗ ಅವಳ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಹಿರಿಯ ಮಗಳನ್ನು ಹೊಳೆ ನುಂಗಿದ ಮೇಲೆ ಅವಳು ಕಿರಿಯವಳಾದ ಚೆನ್ನಾಜಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಮೊದಲು ಹೊಳೆಯ ದಡಕ್ಕೆ ಹೋಗಬೇಡ ಎಂದಳು. ಬರಬರುತ್ತಾ ಬಾವಿಗೂ ಬೇಡ, ಓರಗೆಯವರ ಮನೆಗೂ ಬೇಡ ಎಂದಾಯಿತು. ಆಚೆ ದಡದ ಊರಿನಲ್ಲಿ ನೇಯ್ಗೆ ಕಲಿಸುತ್ತಾರೆ, ಹೋಗಿ ಬರುತ್ತೇನೆ ಎಂದು ಹುಡುಗಿ ಆಸೆಯಿಂದ ಕೇಳಿದಾಗ, ದೋಣಿ ಹತ್ತಬೇಕಲ್ಲ ಎಂಬ ಒಂದೇ ಕಾರಣಕ್ಕೆ ಹಾಲಮ್ಮ ಆ ಮಾತನ್ನು ಅಲ್ಲಿಗೇ ಮುಗಿಸಿದಳು. ಅಂದಿನಿಂದ ಚೆನ್ನಾಜಿ ತಾಯಿಯ ಜೊತೆ ಮಾತು ಬಿಟ್ಟಿದ್ದಳು. ಬಡಿಸಿದ್ದರಲ್ಲಿ ಅರ್ಧ ಉಣ್ಣುತ್ತಿದ್ದಳು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಇದ್ದೊಬ್ಬ ಮಗಳೂ ಮನೆಯೊಳಗೆ ಇದ್ದುಕೊಂಡೇ ಕೈತಪ್ಪಿ ಹೋಗುತ್ತಿದ್ದಾಳೆ ಎಂದು ಹಾಲಮ್ಮನಿಗೆ ದಿಗಿಲು ಹತ್ತಿತ್ತು.

ಗುರುಗಳು ಬುದ್ಧಿ ಹೇಳಲಿಲ್ಲ. ಕೂರಮ್ಮ ಎಂದರು, ಕುಡಿಯಲು ನೀರು ಕೊಡಿಸಿದರು. ಅವಳ ಉಸಿರು ಒಂದು ಹದಕ್ಕೆ ಬಂದ ಮೇಲೆ ಈ ಕತೆ ಹೇಳಿದರು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಎತ್ತಿನ ಮೇಲೆ ಕಂಬಳಿ ಹೇರಿಕೊಂಡು, ಹೆಂಡತಿಯನ್ನು ಜೊತೆಗೆ ಕರೆದುಕೊಂಡು, ಕಾಡಂಚಿನ ಊರುಗಳನ್ನು ಸುತ್ತುತ್ತಿದ್ದ. ನಡುದಾರಿಯಲ್ಲಿ ತಂಗಬೇಕಾದಾಗ ನೆಲದಲ್ಲಿ ಮಲಗುವ ಹಾಗಿರಲಿಲ್ಲ. ಕೆಂಪಿರುವೆ, ಚೇಳು ಎರಡೂ ಇದ್ದವು. ಅದಕ್ಕೆ ಎರಡು ಮರಗಳ ನಡುವೆ ದಪ್ಪ ಬಟ್ಟೆಯ ಜೋಲಿ ಕಟ್ಟಿ ಹೆಂಡತಿಯನ್ನು ಅದರಲ್ಲಿ ಮಲಗಿಸುತ್ತಿದ್ದ. ತಾನು ಕಂಬಳಿಯ ಮೂಟೆಗಳ ಮೇಲೆ ಒರಗುತ್ತಿದ್ದ.

ಒಂದು ದಿನ ಆತುರದಲ್ಲಿ, ಕರು ಕಟ್ಟಿದ ಹಾಗೆ ಹಗ್ಗವನ್ನು ಒಂದು ಸುತ್ತು ಸುತ್ತಿ ಬಿಟ್ಟ. ಗಂಟು ಜಾರಿತು. ಹೆಂಡತಿ ಮರದ ಬೇರಿನ ಮೇಲೆ ಬಿದ್ದಳು. ಸೊಂಟಕ್ಕೆ ಪೆಟ್ಟಾಯಿತು. ತಿಂಗಳುಗಟ್ಟಲೆ ಕುಂಟುತ್ತಾ ನಡೆದಳು, ಆಮೇಲೆ ಸರಿಹೋದಳು. ಗಂಡನಿಗೆ ಮಾತ್ರ ಸರಿಹೋಗಲಿಲ್ಲ. ಅವಳು ಬಿದ್ದ ಸದ್ದು ಅವನ ಕಿವಿಯಲ್ಲೇ ಉಳಿದುಬಿಟ್ಟಿತು. ಪಾಪ, ಅವನನ್ನು ನೋಡಿ ನಗಬಾರದು. ಆ ಸದ್ದು ಯಾರ ಕಿವಿಯಲ್ಲಿ ಉಳಿದಿದ್ದರೂ ಅವನು ಮಾಡಿದ್ದನ್ನೇ ಮಾಡುತ್ತಿದ್ದರು.

ಮಾಡಿದ್ದು ಏನೆಂದರೆ, ಅಂದಿನಿಂದ ಗಂಟಿನ ಮೇಲೆ ಗಂಟು ಹಾಕತೊಡಗಿದ. ಮರಕ್ಕೆ ಕಾಲು ಕೊಟ್ಟು, ಹಲ್ಲು ಕಚ್ಚಿ ಹಗ್ಗ ಎಳೆಯುತ್ತಿದ್ದ. ಜೋಲಿ ಹಲಗೆಯಂತೆ ನೆಟ್ಟಗಾದರೆ ಅವನಿಗೆ ಸಮಾಧಾನ. ಚೇಳಿಗೆ ಎಟುಕದಿರಲಿ ಎಂದು ಎದೆಯೆತ್ತರಕ್ಕೆ ಕಟ್ಟಿ, ಹೆಂಡತಿಯನ್ನು ತಾನೇ ಎತ್ತಿ ಮಲಗಿಸುತ್ತಿದ್ದ. ನೆಟ್ಟಗಿರುವ ಬಟ್ಟೆಯಲ್ಲಿ ಮಗ್ಗುಲು ಬದಲಿಸಿದರೆ ಮಗುಚಿಕೊಳ್ಳುತ್ತದೆ. ಹಾಗಾಗಿ ಅವಳು ಎರಡು ಕೈಯಲ್ಲೂ ಅಂಚು ಹಿಡಿದು ಮಲಗುತ್ತಿದ್ದಳು. ಅದನ್ನು ಕಂಡು ಅವನು ಹೊಟ್ಟೆಗೆ ಅಡ್ಡಲಾಗಿ ಒಂದು ಪಟ್ಟಿಯನ್ನೂ ಬಿಗಿದ. ಅದರ ಗಂಟನ್ನು ಜೋಲಿಯ ಅಡಿಯಲ್ಲಿ, ಅವಳ ಕೈಗೆ ಸಿಗದ ಕಡೆ ಹಾಕಿದ. ನಿದ್ದೆಗಣ್ಣಿನಲ್ಲಿ ಬಿಚ್ಚಿಕೊಂಡಾಳೆಂಬ ಮುಂದಾಲೋಚನೆ ಬೇರೆ.

ಅವಳಿಗೆ ನಿದ್ದೆ ಇಲ್ಲ. ಹೊರಡುವಾಗ ಗಂಟು ಬಿಚ್ಚಲು ಉಗುರು ಮುರಿದುಕೊಂಡು ಅವನಿಗೂ ಸುಸ್ತು. ಸಂತೆಗೆ ತಲುಪುವಷ್ಟರಲ್ಲಿ ಬೇರೆಯವರ ಕಂಬಳಿ ಮಾರಾಟವಾಗಿರುತ್ತಿತ್ತು. ಕಟ್ಟಿದ ಕಡೆಯಲ್ಲೆಲ್ಲ ಮರದ ತೊಗಟೆ ತರಚಿಹೋಗುತ್ತಿತ್ತು. ಹೆಂಡತಿ ದಿನದಿನಕ್ಕೆ ಸೊರಗಿದಳು. ಬಿದ್ದ ಪೆಟ್ಟು ಇನ್ನೂ ಒಳಗೇ ಇದೆ ಎಂದುಕೊಂಡ ಗಂಡ, ಮಾರನೆಯ ದಿನ ಇನ್ನೊಂದು ಗಂಟು ಹೆಚ್ಚಿಗೆ ಹಾಕಿದ.

ಒಂದು ಮಧ್ಯಾಹ್ನ ಹುಣಸೆಯ ತೋಪಿನಲ್ಲಿ ತಂಗಿದರು. ಹಗ್ಗ ಹೊಸದು, ಆ ವಾರವಷ್ಟೇ ಕೊಂಡದ್ದು. ಎಂದಿನಂತೆ ಎಳೆದು ಕಟ್ಟಿ, ಅವಳನ್ನು ಮಲಗಿಸಿ, ಪಟ್ಟಿ ಬಿಗಿದ. ಎತ್ತನ್ನು ಮೇಯಲು ಬಿಟ್ಟು ಬರುವಷ್ಟರಲ್ಲಿ ಹಗ್ಗ ಕಿರುಗುಟ್ಟಿತು. ನೋಡಿದರೆ ನಾರಿನ ಎಳೆ ಒಂದೊಂದಾಗಿ ಬಿಡುತ್ತಿದೆ.

ಓಡಿಬಂದು ಗಂಟಿಗೆ ಕೈ ಹಾಕಿದ. ತಾನೇ ಹಾಕಿದ ಗಂಟು ತನ್ನ ಮಾತನ್ನೇ ಕೇಳಲಿಲ್ಲ. ಕುಡುಗೋಲು ತೋಪಿನ ಆಚೆ ಎತ್ತಿನ ಹೇರಿನಲ್ಲಿತ್ತು. ಹೆಂಡತಿ ಇಳಿಯಲು ಒದ್ದಾಡಿದಳು. ಪಟ್ಟಿ ಬಿಡಲಿಲ್ಲ. ಬೇರೆ ದಾರಿ ಕಾಣದೆ ಅವನು ಜೋಲಿಯ ಕೆಳಗೆ ನುಗ್ಗಿ ಬೆನ್ನು ಕೊಟ್ಟು ನಿಂತ. ಅಷ್ಟರಲ್ಲಿ ಹಗ್ಗ ತುಂಡಾಯಿತು. ಅವನು ಬೋರಲು ಬಿದ್ದ. ಅವನ ಮೇಲೆ ಅವಳು.

ಅವಳಿಗೆ ಏನೂ ಆಗಲಿಲ್ಲ. ಈಗ ಕೈಗೆ ಸಿಕ್ಕ ಪಟ್ಟಿಯ ಗಂಟನ್ನು ಬಿಚ್ಚಿಕೊಂಡಳು. ಅವನ ತುಟಿ ಒಡೆದಿತ್ತು. ಅದನ್ನು ಒರೆಸಿಕೊಳ್ಳದೆ, ತುಂಡಾದ ಹಗ್ಗ ಹಿಡಿದು ಅತ್ತ. ಹೊಸ ಹಗ್ಗ, ಇಷ್ಟೊಂದು ಗಂಟು, ಇಷ್ಟು ಬಿಗಿ, ಆದರೂ ಹೇಗೆ ಕೈಕೊಟ್ಟಿತು ಎಂದು ಮತ್ತೆ ಮತ್ತೆ ಕೇಳಿದ.

ಹೆಂಡತಿ ಅವನ ತಲೆ ಸವರಿದಳು. "ನನ್ನ ಭಾರಕ್ಕೆ ಹರೀಲಿಲ್ಲ ಅದು, ನಿನ್ನ ಎಳೆತಕ್ಕೆ ಹರೀತು. ಜೋತಾಡೋ ಹಗ್ಗ ನನ್ನೊಬ್ಬಳನ್ನ ಹೊರುತ್ತೆ. ಎಳೆದು ಕಟ್ಟಿದ್ದು ಎರಡು ಮರಾನೂ ಜಗ್ಗಬೇಕು" ಎಂದಳು.

ಅವಳು ಹುಡುಗಿಯಾಗಿದ್ದಾಗಿನಿಂದ ಹೊಲದ ಬದುವಿನ ಮರಗಳಿಗೆ ತಮ್ಮಂದಿರ ಜೋಲಿ ಕಟ್ಟಿದವಳು. ಕೂಲಿಗೆ ಬಂದವರ ಕೂಸುಗಳಿಗೂ ಕಟ್ಟಿದವಳು. ಗಂಡ ಒಂದು ದಿನವೂ ಅವಳನ್ನು ಕೇಳಿರಲಿಲ್ಲ. ಬೀಳುವವಳು ಅವಳು, ಕಾಪಾಡುವವನು ತಾನು ಎಂದು ತೀರ್ಮಾನಿಸಿಬಿಟ್ಟಿದ್ದ. ಈಗ ಮೊದಲ ಸಲ, ಹೇಗೆ ಕಟ್ಟಬೇಕು ಹೇಳು ಎಂದ.

ಅವಳು ಎದ್ದು ತೋರಿಸಿದಳು. ತೊಗಟೆ ತರಚದಂತೆ ಮರಕ್ಕೆ ಹಳೆಯ ಕಂಬಳಿಯ ತುಂಡನ್ನು ಹಾಸಿದಳು. ಅದರ ಮೇಲೆ ಹೇರಿನಲ್ಲಿದ್ದ ಹಳೆಯ ಹಗ್ಗವನ್ನು ಎರಡು ಸುತ್ತು ತಂದಳು. ತುದಿಯನ್ನು ಪೂರ್ತಿ ಎಳೆಯದೆ, ಮಡಿಸಿ ಕುಣಿಕೆಯಾಗಿ ಸುತ್ತಿನ ಅಡಿಗೆ ತೂರಿಸಿದಳು. ಭಾರ ಬಿದ್ದಷ್ಟೂ ಅದು ಕಚ್ಚಿಕೊಳ್ಳುತ್ತದೆ, ತುದಿ ಹಿಡಿದು ಒಮ್ಮೆ ಸೆಳೆದರೆ ಬಿಚ್ಚಿಕೊಳ್ಳುತ್ತದೆ. ಜೋಲಿಯ ನಡುಭಾಗ ಚೆನ್ನಾಗಿ ಇಳಿಬೀಳುವಷ್ಟು ಹಗ್ಗ ಬಿಟ್ಟಳು. ಎತ್ತರವನ್ನು ಅಳೆದದ್ದು ಅದರಲ್ಲಿ ಕೂತು. ಎರಡು ಪಾದವೂ ನೆಲಕ್ಕೆ ಊರಿದ ಮೇಲೆಯೇ ಸರಿ ಎಂದಳು.

ಗಂಡ ಹಗ್ಗದ ತುದಿಗೆ ಕೈ ಹಾಕಿದ. "ಇಷ್ಟು ಸಡಿಲ ಬಿಟ್ರೆ ಬಿದ್ದೋಗ್ತೀಯಲ್ಲೇ" ಎಂದ.

"ಬಿದ್ರೆ ಬೀಳ್ತೀನಿ. ಕಾಲಿಗೆ ನೆಲ ಸಿಗುತ್ತಲ್ಲ" ಎಂದು ಅವಳು ಮಲಗಿದಳು.

ಬಟ್ಟೆ ಅವಳ ಬೆನ್ನಿಗೆ ತಕ್ಕಂತೆ ಬಾಗಿತು. ಒಂದು ಕಾಲನ್ನು ಹೊರಗೆ ಚಾಚಿ, ಹೆಬ್ಬೆರಳಿನಿಂದ ನೆಲವನ್ನು ಮೀಟಿ, ತನ್ನನ್ನು ತಾನೇ ತೂಗಿಕೊಂಡಳು. ಸ್ವಲ್ಪ ಹೊತ್ತಿಗೆಲ್ಲ ನಿದ್ದೆ ಹೋದಳು. ಅಂಚು ಹಿಡಿಯುತ್ತಿದ್ದ ಕೈಗಳು ತೆರೆದುಕೊಂಡು ಬಿದ್ದಿದ್ದವು. ಗಂಡ ಹಗ್ಗದ ಹತ್ತಿರ ಕಾವಲು ಕೂತ. ಎಷ್ಟೋ ಸಲ ಗಂಟಿನ ಕಡೆಗೆ ಕೈ ಚಾಚಿದ, ಎಷ್ಟೋ ಸಲ ಹಿಂದಕ್ಕೆ ತಂದ. ಸಡಿಲ ಬಿಟ್ಟು ಸುಮ್ಮನೆ ಕೂರುವುದು ಗಂಟು ಬಿಗಿಯುವುದಕ್ಕಿಂತ ಕಷ್ಟವಾಯಿತು ಅವನಿಗೆ. ಆದರೂ ಕೂತ.

ಗುರುಗಳು ಕತೆ ನಿಲ್ಲಿಸಿದರು. ಹಾಲಮ್ಮ ನೆಲ ನೋಡುತ್ತಿದ್ದಳು. ಆ ಗಂಡನ ಕೈ ಹೇಗೆ ಚಡಪಡಿಸಿರಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಆ ಹೆಂಡತಿ ಮತ್ತೆ ಬೀಳಲೇ ಇಲ್ಲವೇ ಎಂದು ಕೇಳಿದಳು.

ಒಂದೆರಡು ಸಲ ಬಿದ್ದಳಂತೆ, ಎದ್ದು ಮತ್ತೆ ಮಲಗಿದಳಂತೆ ಎಂದರು ಗುರುಗಳು.

ಹಾಲಮ್ಮನಿಗೆ ಅಳು ತಡೆಯಲಾಗಲಿಲ್ಲ. ಗುರುಗಳೆಂದೂ ನೋಡದೆ ಸಿಟ್ಟಿನಲ್ಲೇ ಅಂದಳು: "ಅವಳ ಕಾಲ ಕೆಳಗಿದ್ದದ್ದು ನೆಲ, ಗುರುಗಳೇ. ನನ್ನ ಮಗಳ ದಾರೀಲಿರೋದು ಹೊಳೆ."

ಗುರುಗಳು ಅವಳ ಅಳು ಇಳಿಯುವ ತನಕ ಕಾದರು. ಆಮೇಲೆ ಬಹಳ ಮೆತ್ತಗೆ ಕೇಳಿದರು:

"ಇಷ್ಟು ವರ್ಷ ಮಗಳನ್ನ ಕಾದೆಯಲ್ಲ ತಾಯಿ, ಹುಡುಗಿಗೆ ಈಜು ಕಲಿಸಿದೆಯಾ?"