ಮರೆಮಾಡಿದ ಸಾಲು

"ಗುರುಗಳೇ, ತಪ್ಪನ್ನು ಕೂಡಲೇ ತಿದ್ದಿಬಿಟ್ಟರೆ ಸಾಲದೇ? ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲೂ ಬೇಕೇ?" ಎಂದು ಚೆನ್ನವೀರ ಕೇಳಿದ.

ಮಠದ ಪತ್ರಿಕೆಯ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ಅವನದು. ಆ ತಿಂಗಳ ಮುಖಪುಟದಲ್ಲಿ ಏನೋ ತಪ್ಪಾಗಿತ್ತು. ಯಾರಿಗೂ ಹೇಳದೆ ಸರಿಪಡಿಸಿದ್ದ. ಗುರುಗಳು ಈ ಕತೆ ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಶ್ರೀಪಾದ ಎಂಬವನಿದ್ದ. ಬಂದರಿನ ಎದುರಿಗೇ ಅವನ ಅಂಗಡಿ. ಮದುವೆಯ ಕರೆಯೋಲೆ, ಅಂಗಡಿಯ ಬೋರ್ಡು, ಸಂಘದ ಬ್ಯಾನರು ಎಲ್ಲವೂ ಅವನ ಕಂಪ್ಯೂಟರಿನಿಂದಲೇ ಹೊರಡುತ್ತಿದ್ದವು. ಒಂದು ದೀರ್ಘ ತಪ್ಪಿದರೂ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ಅಂಥ ಕೆಲಸಗಾರ.

ಒಂದು ಸಲ ಜಟ್ಟಿ, ತಿಮ್ಮ ಎಂಬ ಅಣ್ಣತಮ್ಮಂದಿರು ಮೀನಿಗೆ ಹೋದವರು ಮರಳಲಿಲ್ಲ. ಗಾಳಿ ಎದ್ದಿತ್ತು. ಮರುದಿನ ಬೆಳಗಾಗುತ್ತಲೇ ಎಂಟು ದೋಣಿಗಳು ಹುಡುಕಲು ಹೊರಟವು. ಜಟ್ಟಿಯ ಹೆಂಡತಿ ಹೊನ್ನಮ್ಮ ಎರಡು ಫೋಟೋ ಹಿಡಿದು ಶ್ರೀಪಾದನ ಅಂಗಡಿಗೆ ಬಂದಳು. ಅವಳ ಹಿಂದೆಯೇ ಅವರ ದೋಣಿಯ ಯಜಮಾನನೂ ಬಂದ.

ಶ್ರೀಪಾದ ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟ. ಕೆಳಗೆ ಹೆಸರು ಬರೆದ. ಮೇಲೆ ದೊಡ್ಡದಾಗಿ 'ಕಾಣೆಯಾಗಿದ್ದಾರೆ' ಎಂದು ಬರೆದ. ಸುತ್ತಲಿನ ಬಂದರುಗಳಿಗೆಲ್ಲ ಅದು ಫೋನಿನಲ್ಲಿ ಹೋಯಿತು.

ಹೊನ್ನಮ್ಮ ಹೊರಗೆ ಹೋದ ಮೇಲೆ ಯಜಮಾನ ಧ್ವನಿ ತಗ್ಗಿಸಿ, "ಇನ್ನೊಂದನ್ನೂ ಮಾಡಿಟ್ಟಿರಿ. ಸುದ್ದಿ ಬಂದರೆ ಆಮೇಲೆ ಹೊತ್ತಿರುವುದಿಲ್ಲ" ಎಂದ.

ಅದಕ್ಕೆಂದು ಶ್ರೀಪಾದ ಬೇರೆ ಚಿತ್ರ ಮಾಡಲಿಲ್ಲ. ಅದೇ ಮುಖಗಳು, ಅದೇ ಹೆಸರುಗಳು. ನಿನಗೇ ಗೊತ್ತಲ್ಲ, ಕಂಪ್ಯೂಟರಿನಲ್ಲಿ ಪ್ರತಿ ಸಾಲೂ ಒಂದೊಂದು ಲೇಯರಿನಲ್ಲಿ ಕೂತಿರುತ್ತದೆ, ಗಾಜಿನ ಮೇಲೆ ಗಾಜು ಇಟ್ಟ ಹಾಗೆ. ಪಕ್ಕದಲ್ಲಿ ಒಂದು ಸಣ್ಣ ಕಣ್ಣಿನ ಗುರುತು. ಅದನ್ನು ಒತ್ತಿದರೆ ಸಾಲು ಮಾಯವಾಗುತ್ತದೆ, ಮತ್ತೆ ಒತ್ತಿದರೆ ಕಾಣುತ್ತದೆ. 'ಕಾಣೆಯಾಗಿದ್ದಾರೆ' ಇದ್ದ ಜಾಗದಲ್ಲಿಯೇ ಅವನು 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಇನ್ನೊಂದು ಲೇಯರ್ ಬರೆದು, ಅದರ ಕಣ್ಣು ಮುಚ್ಚಿಟ್ಟ.

ಮಧ್ಯಾಹ್ನದ ಹೊತ್ತಿಗೆ ಹೊನ್ನಮ್ಮ ತಿರುಗಿ ಬಂದಳು. "ಕಂಡವರು ನೇರ ನನಗೇ ಹೇಳಲಿ. ನನ್ನ ನಂಬರನ್ನೂ ಹಾಕಿಕೊಡಿ" ಎಂದಳು. ಅವಳು ಆ ಕಡೆ ಹೋಗುತ್ತಲೇ ಶ್ರೀಪಾದ ಚಿತ್ರ ತೆರೆದು ನಂಬರು ಸೇರಿಸಿದ. ಜಾಗ ಸಾಲಲಿಲ್ಲ. ಎರಡು ಸಾಲುಗಳಿಗೂ ಹೊಂದಲಿ ಎಂದು ಎರಡೂ ಕಣ್ಣು ತೆರೆದು ಅಳತೆ ಸರಿಮಾಡಿದ. ಆಮೇಲೆ ಒಂದನ್ನು ಮುಚ್ಚಿ, ಮೀನುಗಾರರ ಗುಂಪಿಗೆ ಕಳಿಸಿದ.

ಮುಚ್ಚಬಾರದ್ದನ್ನು ಮುಚ್ಚಿದ್ದ. ಹೋದದ್ದು ಶ್ರದ್ಧಾಂಜಲಿ.

ಒಂದು ನಿಮಿಷದೊಳಗೆ ಅವನಿಗೆ ಗೊತ್ತಾಯಿತು. ಕಳಿಸಿದ್ದನ್ನು ಅಳಿಸಿದ. ಸರಿಯಾದದ್ದನ್ನು ಹಾಕಿದ. ಫೋನನ್ನೇ ನೋಡುತ್ತ ಕೂತ. ಯಾರೂ ಏನೂ ಕೇಳಲಿಲ್ಲ. ದೇವರು ದೊಡ್ಡವನು ಎಂದುಕೊಂಡ. ಅಷ್ಟರಲ್ಲಿ ಯಾರೋ ನಾಲ್ಕು ಮಂದಿ ಆ ತಪ್ಪು ಚಿತ್ರವನ್ನು ಬೇರೆ ಗುಂಪುಗಳಿಗೆ ಕಳಿಸಿ ಆಗಿತ್ತು. ಸರಿಯಾದ ಚಿತ್ರ ಬೆಳಗಿನದೇ ಎಂದು ಯಾರೂ ಅದನ್ನು ತೆರೆದು ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಹೊನ್ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಫೋನು. ಅಳುತ್ತಿರಲಿಲ್ಲ.

"ಶ್ರೀಪಾದಣ್ಣ, ನಿಮಗೆ ಯಾರು ಹೇಳಿದರು? ಎಲ್ಲಿ ಸಿಕ್ಕಿದರಂತೆ?"

ನಿಜ ಅವನ ನಾಲಿಗೆಯ ತುದಿಗೆ ಬಂದಿತ್ತು. ಬೀದಿಯಲ್ಲಿ ಜನ ಸೇರುತ್ತಿದ್ದರು. ಬದುಕಿರುವವರನ್ನು ಕೊಂದವನು ಎಂದು ಹಿಡಿದು ಹೊಡೆದರೆ? ನಾಳೆಯಿಂದ ಈ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ?

"ನನಗೆ ಗೊತ್ತಿಲ್ಲಮ್ಮ. ಯಾರೋ ನನ್ನ ಚಿತ್ರವನ್ನು ಬದಲಾಯಿಸಿ ಬಿಟ್ಟಿರಬೇಕು."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ ಬಂದರಿನ ಕಡೆಗೆ ಓಡಿದಳು. ಶ್ರೀಪಾದ ಆ ಸಾಲನ್ನು ಕಂಪ್ಯೂಟರಿನಿಂದಲೇ ಅಳಿಸಿಹಾಕಿದ. ಬಾಗಿಲು ಅರ್ಧ ಎಳೆದುಕೊಂಡ.

ಆ ಅರ್ಧ ಬಾಗಿಲಿನಿಂದ ಕಡಲು ಕಾಣುತ್ತಿತ್ತು. ಹುಡುಕಲು ಹೋದ ದೋಣಿಗಳು ಒಂದೊಂದಾಗಿ ಬಂದರಿಗೆ ಬರುತ್ತಿದ್ದವು. ಡೀಸೆಲ್ ತುಂಬಿಸಲು ಇರಬೇಕು ಎಂದುಕೊಂಡ. ಐದಾದವು, ಆರಾದವು. ಎಂಟೂ ಬಂದವು. ದೋಣಿಯವರು ಇಳಿದು ತಲೆಯ ಬಟ್ಟೆ ತೆಗೆದು ನಿಂತರು. ನೀರಿನ ನಡುವೆಯೂ ಅವರ ಫೋನುಗಳಿಗೆ ಆ ಚಿತ್ರ ತಲುಪಿತ್ತು. ಹೆಣ ಸಿಕ್ಕಿರಬೇಕು, ಇನ್ನು ಹುಡುಕುವುದೇನು ಎಂದು ತಿರುಗಿದ್ದರು. ಒಬ್ಬ, ಪೊಲೀಸರು ಹೇಳಿದ್ದಾರಂತೆ ಎಂದ. ಇನ್ನೊಬ್ಬ, ಹೆಣ ಪಕ್ಕದೂರಿನ ಆಸ್ಪತ್ರೆಯಲ್ಲಿದೆಯಂತೆ ಎಂದ. ಸುದ್ದಿ ಬಂದದ್ದಕ್ಕೇ ಶ್ರೀಪಾದ ಅದನ್ನು ಕಳಿಸಿದ್ದಾನೆ ಎಂದು ಯಜಮಾನನೂ ನಂಬಿದ. ಹೊನ್ನಮ್ಮ ಒಬ್ಬಳೇ ಸಿಕ್ಕ ಸಿಕ್ಕವರ ತೋಳು ಹಿಡಿದು, "ನೀವು ಕಣ್ಣಾರೆ ಕಂಡಿರೇನು?" ಎಂದು ಕೇಳುತ್ತಿದ್ದಳು.

ಈಗ ಹೋಗುತ್ತೇನೆ ಎಂದು ಶ್ರೀಪಾದ ಎದ್ದ. ಕೂತ. ಯಾರಾದರೂ ಆಸ್ಪತ್ರೆಗೆ ಫೋನು ಮಾಡಿ ಸುಳ್ಳೆಂದು ತಿಳಿದುಕೊಳ್ಳುತ್ತಾರೆ ಎಂದುಕೊಂಡ. ಯಾರೂ ಮಾಡಲಿಲ್ಲ. ಮತ್ತೆ ಎದ್ದ. ಬಾಗಿಲ ಹೊರಗೆ ಯಾರೋ ಕೆಮ್ಮಿದರು. ಅವನು ಗೋಡೆಗೆ ಒತ್ತಿಕೊಂಡು ನಿಂತ. ಹೀಗೆಯೇ ಎರಡು ಗಂಟೆ ಹೋಯಿತು.

ಕೊನೆಗೆ ಏನಾಯಿತೋ, ಬರಿಗಾಲಲ್ಲೇ ಓಡಿದ. ಜನರ ನಡುವೆ ನುಗ್ಗಿ ಕೂಗಿದ.

"ಯಾರೂ ಸಿಕ್ಕಿಲ್ಲ! ಆ ಸಾಲು ಬರೆದವನು ನಾನು. ಕೈ ತಪ್ಪಿ ಹೋಯಿತು. ಯಾರೂ ಸತ್ತಿಲ್ಲ, ಹೋಗಿ, ಹುಡುಕಿ!"

ಯಾರೋ ಅವನ ಕೆನ್ನೆಗೆ ಹೊಡೆದರು. ಎರಡನೆಯ ಏಟು ಬೀಳಲಿಲ್ಲ. ಅಷ್ಟರಲ್ಲಿ ಎಲ್ಲರೂ ದೋಣಿಗಳ ಕಡೆಗೆ ಓಡುತ್ತಿದ್ದರು.

ಹೊತ್ತು ಮುಳುಗುವ ಮೊದಲು ಜಟ್ಟಿ ಸಿಕ್ಕಿದ. ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ತೇಲುತ್ತಿದ್ದ. ಉಪ್ಪುನೀರಿಗೆ ತುಟಿ ಒಡೆದಿತ್ತು. ಉಸಿರಿತ್ತು. ಪೆಟ್ಟಿಗೆಯ ಇನ್ನೊಂದು ಬದಿಯಲ್ಲಿ ಯಾರೂ ಇರಲಿಲ್ಲ.

ದಡಕ್ಕೆ ತಂದು ಮಲಗಿಸಿದಾಗ ಅವನು ಹೇಳಿದ:

"ಮಧ್ಯಾಹ್ನ ದೋಣಿಗಳು ಕಂಡವು. ತಿಮ್ಮ ಅಂಗಿ ಬಿಚ್ಚಿ ಬೀಸಿದ. ನಮ್ಮವರು ಬಂದರು, ಅಣ್ಣ, ಬಂದರು ಎಂದ. ಅವು ತಿರುಗಿ ಹೋದವು. ಮತ್ತೆ ಬರುತ್ತಾರೆ, ಹಿಡಿದುಕೋ ಎಂದು ನಾನು ಹೇಳುತ್ತಲೇ ಇದ್ದೆ. ಬಹಳ ಹೊತ್ತು ಹಿಡಿದುಕೊಂಡಿದ್ದ. ನಾನು ಕಣ್ಣು ಬಿಟ್ಟಾಗ ಇರಲಿಲ್ಲ. ಆಮೇಲೆ ಸ್ವಲ್ಪ ಹೊತ್ತಿಗೇ ನೀವು ಬಂದಿರಿ."

ಊರು ಶ್ರೀಪಾದನನ್ನು ಕ್ಷಮಿಸಿತು. ಬಾಯಿ ಬಿಟ್ಟು ಹೇಳಿದನಲ್ಲ, ಅದರಿಂದಲೇ ಒಬ್ಬನಾದರೂ ಉಳಿದ ಎಂದಿತು. ಹೊನ್ನಮ್ಮ ಕೂಡ ಅವನನ್ನು ಒಂದು ಮಾತೂ ಬೈಯಲಿಲ್ಲ. ಅವನು ಮಾತ್ರ ಮತ್ತೆ ಆ ಅಂಗಡಿಯಲ್ಲಿ ಕೂರಲಿಲ್ಲ. ಯಾರ ಫೋನು ಸದ್ದು ಮಾಡಿದರೂ ಬೆಚ್ಚಿಬೀಳುತ್ತಿದ್ದನಂತೆ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರ ಮೆಲ್ಲಗೆ, "ಹೆದರಿಕೆ ಇದ್ದರೂ ಕೊನೆಗೆ ಹೇಳಿದನಲ್ಲ, ಗುರುಗಳೇ?" ಎಂದ.

"ಹೇಳಿದ, ಆದರೆ ಆ ಎರಡು ಗಂಟೆ ಮೊದಲೇ ಹೇಳಿದ್ದರೆ ತಿಮ್ಮನೂ ಬದುಕಿರುತ್ತಿದ್ದ."